ಪಾಸ್ ಇಲ್ಲ, ಟಿಕೆಟ್ ಇದೆ: ತಿರುಗಾಟವನ್ನು ಊರಿಗೆ ಕರೆಸಿದ ಖಜಾಂಚಿ ಒಪ್ಪಿಸುವ ಲೆಕ್ಕ

"ಪಾಸ್ ಇದ್ಯಾ ಸಾರ್?"

ಅಂಗಡಿ ಶಟರ್‌ಗೆ ನಾಟಕದ ಪೋಸ್ಟರ್ ಅಂಟಿಸಿದ ದಿನದಿಂದ ನನಗೆ ಬರುವ ಮೊದಲ ಪ್ರಶ್ನೆ ಇದೇ. ಯಾವ ನಾಟಕ, ಯಾರು ಬರೆದದ್ದು, ಎಷ್ಟು ಹೊತ್ತಿಗೆ ಶುರು, ಇದ್ಯಾವುದನ್ನೂ ಕೇಳುವುದಿಲ್ಲ. ಅರ್ಧ ಕೆ.ಜಿ. ಮೊಳೆ ತೂಗಿಸಿಕೊಂಡು, ಚಿಲ್ಲರೆ ಜೇಬಿಗೆ ಹಾಕಿಕೊಂಡು, ಹೊರಡುವಾಗ ಪಾಸ್ ಕೇಳುತ್ತಾರೆ. ನಾನೂ ಒಂದು ಕಾಲದಲ್ಲಿ ಕೊಡುತ್ತಿದ್ದೆ. ಆ ಕಥೆ ಮುಂದೆ ಹೇಳುತ್ತೇನೆ.

ನನ್ನದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ. ಜೊತೆಗೆ ಹನ್ನೊಂದು ವರ್ಷದಿಂದ ಊರಿನ ಹವ್ಯಾಸಿ ನಾಟಕ ಸಂಘದ ಖಜಾಂಚಿ. ಒಮ್ಮೆ ದೂತನ ಪಾತ್ರ ಮಾಡಿ ಮಾತು ಮರೆತ ಮೇಲೆ ನನ್ನನ್ನು ಲೆಕ್ಕದ ಪುಸ್ತಕದ ಮುಂದೆ ಕೂರಿಸಿದರು, ಅಲ್ಲಿಂದ ಎದ್ದಿಲ್ಲ. ನೀನಾಸಮ್ ತಿರುಗಾಟವನ್ನು ನಮ್ಮೂರಿಗೆ ಇದುವರೆಗೆ ಆರು ಸಲ ಕರೆಸಿದ್ದೇವೆ. ಹೋಟೆಲಿನ ದೋಸೆ, ಮೊಬೈಲಿನ ಕ್ಯಾಮೆರಾ ಬಗ್ಗೆ ಜನ ಅಭಿಪ್ರಾಯ ಬರೆಯುತ್ತಾರೆ. ನಾಟಕ ತಂಡವನ್ನು ಕರೆಸುವುದೂ ದುಡ್ಡು ಕೊಟ್ಟು ಪಡೆಯುವ ಸೇವೆಯೇ ಅಲ್ಲವೇ? ಕರೆಸಬೇಕೆಂದುಕೊಂಡಿರುವ ಬೇರೆ ಊರಿನ ಸಂಘಗಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ್ದು ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ನಟರು, ತಂತ್ರಜ್ಞರ ಒಂದು ತಂಡ ಹೆಗ್ಗೋಡಿನಲ್ಲಿ ನಾಟಕ ಕಟ್ಟಿಕೊಂಡು, ಸೆಟ್ಟು, ಲೈಟು, ವೇಷಭೂಷಣ ಎಲ್ಲ ವಾಹನಕ್ಕೆ ಹೇರಿಕೊಂಡು, ತಿಂಗಳುಗಟ್ಟಲೆ ಕರ್ನಾಟಕದ ಊರೂರು ಸುತ್ತುತ್ತದೆ. ಊರಿನವರು ರಂಗಮಂದಿರ, ಊಟ, ವಸತಿ ನೋಡಿಕೊಂಡು, ಗೊತ್ತುಪಡಿಸಿದ ಸಂಭಾವನೆ ಕೊಡಬೇಕು. ಸಂಭಾವನೆಯ ಮೊತ್ತವನ್ನು ಅವರನ್ನೇ ಕೇಳಿ. ಹಳೆಯ ಅಂಕಿ ನೋಡಿಕೊಂಡು ಯಾರಾದರೂ ಬಜೆಟ್ ಹಾಕಿಬಿಟ್ಟರೆ ಆ ಪಾಪ ನನಗೆ ಬೇಡ.

ಮೊದಲ ಸಲ ತಂಡ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಅಂಗಡಿಯಿಂದ ಇಬ್ಬರು ಹಮಾಲಿಗಳನ್ನು ಕರೆದುಕೊಂಡು ರಂಗಮಂದಿರಕ್ಕೆ ಹೋದೆ. ಅಷ್ಟರಲ್ಲಿ ಹುಡುಗ ಹುಡುಗಿಯರು ಸಾಲಾಗಿ ನಿಂತು ಪೆಟ್ಟಿಗೆ ಇಳಿಸುತ್ತಿದ್ದರು. ಬೆನ್ನ ಮೇಲೆ ಮರದ ಹಲಗೆ ಹೊತ್ತು ಬಂದವನನ್ನು "ಏನಪ್ಪಾ, ಸಾಮಾನು ಎಲ್ಲಾ ಬಂತಾ?" ಎಂದು ಕೇಳಿದೆ. ರಾತ್ರಿ ನೋಡಿದರೆ ಅವನೇ ರಾಜ. ನನ್ನ ಹಮಾಲಿಗಳು ಕೂಲಿ ಹೋಯಿತಲ್ಲ ಎಂದು ಪೆಚ್ಚಾಗಿ ನಿಂತಿದ್ದರು. ಕೊನೆಗೆ ಅವರಿಗೆ ಅರ್ಧ ಕೂಲಿ ಕೊಟ್ಟು, ನಾಟಕಕ್ಕೂ ಕೂರಿಸಿದೆ.

ವ್ಯಾಪಾರಿಯ ಕಣ್ಣಿಗೆ ಬಿದ್ದದ್ದು ಇನ್ನೊಂದು. ಅವರ ಸೆಟ್ಟಿನಲ್ಲಿ ದಂಡದ ಸಾಮಾನು ಇಲ್ಲ. ನಾಲ್ಕು ಮರದ ಪೀಠ, ಒಂದಷ್ಟು ಬಿದಿರು, ಬಟ್ಟೆ. ಪೀಠಗಳನ್ನು ಉದ್ದಕ್ಕೆ ಜೋಡಿಸಿದರೆ ದೋಣಿ, ಒಂದರ ಮೇಲೊಂದು ಇಟ್ಟರೆ ಕೋಟೆ, ಬೋರಲು ಹಾಕಿದರೆ ಸಂತೆಕಟ್ಟೆ. ನಾಳೆ ಇನ್ನೊಂದು ಊರಿಗೆ ಹೊತ್ತುಕೊಂಡು ಹೋಗಬೇಕು ಎಂಬ ಲೆಕ್ಕ ಆ ವಿನ್ಯಾಸದ ಒಳಗೇ ಕೂತಿದೆ. ನಮ್ಮ ಸಂಘದವರು ಅದೇ ವರ್ಷ ನಮ್ಮ ನಾಟಕಕ್ಕೆ ಪ್ಲೈವುಡ್ಡಿನ ಅರಮನೆ ಕಟ್ಟಿಸಿದ್ದರು. ಪ್ಲೈವುಡ್ ನನ್ನ ಅಂಗಡಿಯದ್ದೇ, ಬಾಕಿ ಇನ್ನೂ ಬಂದಿಲ್ಲ. ಅರಮನೆ ಒಂದು ಪ್ರದರ್ಶನ ಕಂಡಿತು. ಆಮೇಲೆ ಕಾರ್ಯದರ್ಶಿಗಳ ದನದ ಕೊಟ್ಟಿಗೆಗೆ ಮರೆಗೋಡೆಯಾಯಿತು.

ಕಲೆ ಬೇರೆ, ಲೆಕ್ಕ ಬೇರೆ ಎಂದು ನಮ್ಮಲ್ಲೊಂದು ನಂಬಿಕೆ ಇದೆ. ಹವ್ಯಾಸಿಗಳು ಎಂದ ಮೇಲಂತೂ ಲೆಕ್ಕ ಕೇಳುವುದೇ ಅಪಚಾರ. ಅದೇ 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನು ನೋಡಿ. ವೀರಣ್ಣನವರು ಆನೆ ಕುದುರೆಗಳನ್ನೇ ರಂಗದ ಮೇಲೆ ತಂದವರು. ಆನೆಗೆ ಮೇವು ಹಾಕಬೇಕಾದರೆ ಟಿಕೆಟ್ ಹೋಗಬೇಕು. ಕಂಪನಿ ನಾಟಕದವರಿಗೆ ಕಲೆಕ್ಷನ್ ಎನ್ನುವುದು ಕೆಟ್ಟ ಮಾತಾಗಿರಲಿಲ್ಲ. ಆದರೆ ಅಲ್ಲಿ ಕಲೆಕ್ಷನ್ ಬಿದ್ದರೆ ನಾಟಕ ಬದಲಾಗುತ್ತದೆ. ತಿರುಗಾಟದಲ್ಲಿ ಹಾಗಲ್ಲ, ಆ ವರ್ಷದ ನಾಟಕ ಎಂದರೆ ಆ ವರ್ಷದ ನಾಟಕ. ನಿಮ್ಮೂರಿಗೆ ಹಾಸ್ಯ ಬೇಕು, ಸ್ವಲ್ಪ ಡಬಲ್ ಮೀನಿಂಗ್ ಇರಲಿ ಎಂದರೆ ಸಿಗುವುದಿಲ್ಲ. ಅಂಥದ್ದು ಬೇಕಾದವರು ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ಕಂಪನಿಗಳನ್ನು ಕರೆಸಲಿ. ಅದೂ ಒಳ್ಳೆಯದೇ, ನಾನೂ ಹೋಗುತ್ತೇನೆ. ಒಂದೊಂದು ವರ್ಷ ತಿರುಗಾಟದ ನಾಟಕ ನಮ್ಮೂರಿನ ಜೀರ್ಣಶಕ್ತಿಗೆ ಭಾರ ಅನ್ನಿಸಿದ್ದುಂಟು. ಅದೇ ನಾಟಕದ ಒಂದು ಮಾತನ್ನು ಆರು ತಿಂಗಳಾದ ಮೇಲೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಯಾರೋ ಆಡಿದ್ದೂ ಉಂಟು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಈಗ ಪಾಸಿನ ಕಥೆ. ಮೊದಲ ವರ್ಷ ನಮಗೆ ಹೌಸ್‌ಫುಲ್ ಮಾಡಿಸುವ ಹಠ. ಆಫೀಸುಗಳಿಗೆ, ಬ್ಯಾಂಕಿಗೆ, ಶಾಲೆಗಳಿಗೆ 300 ಪಾಸ್ ಹಂಚಿದೆವು. ನಮ್ಮ ರಂಗಮಂದಿರದಲ್ಲಿ 420 ಕುರ್ಚಿ. ಇನ್ನೆಲ್ಲಿ ಜಾಗ ಎಂದು ಟಿಕೆಟ್ ಮಾರುವುದನ್ನೂ ನಿಲ್ಲಿಸಿದೆವು. ಏಳು ಗಂಟೆಗೆ ನೋಡಿದರೆ ಎಂಬತ್ತು ಜನ. ಪಾಸಿನವರು ಸೀರಿಯಲ್ ಮುಗಿಸಿಕೊಂಡು ಬಂದರೋ, ಬರಲೇ ಇಲ್ಲವೋ. ಮುಂದಿನ ಎರಡು ಸಾಲು, ಗಣ್ಯರಿಗೆಂದು ಬಿಳಿ ಬಟ್ಟೆ ಹಾಸಿದ್ದು, ಕೊನೆಯವರೆಗೂ ಖಾಲಿ. ಆ ಖಾಲಿ ಸಾಲಿನ ಮುಂದೆ ಆ ಮಕ್ಕಳು ಎರಡು ಗಂಟೆ ಜೀವ ತೇಯ್ದು ಆಡಿದರು. ಮುಗಿದ ಮೇಲೆ ಯಾರೂ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಬಡಿಸುವಾಗ ನನಗೇ ಅವರ ಮುಖ ನೋಡಲಾಗಲಿಲ್ಲ. "ಇನ್ನು ಮೇಲೆ ತಹಸೀಲ್ದಾರ್ ಬಂದರೂ ಟಿಕೆಟ್ಟು" ಎಂದು ಅವತ್ತೇ ರಾತ್ರಿ ನಮ್ಮ ಮೇಷ್ಟ್ರಿಗೆ ಹೇಳಿದೆ. ಮೇಷ್ಟ್ರು ಅಂದರೆ ಸಂಘದ ಅಧ್ಯಕ್ಷರು, ನಿವೃತ್ತ ಕನ್ನಡ ಉಪನ್ಯಾಸಕರು. ಅವರು "ಕಲೆಯನ್ನ ಮಾರೋದಾ?" ಅಂದರು. "ಮೇಷ್ಟ್ರೇ, ನೀವು ಪಾಸ್ ಕೊಟ್ಟು ಕಲೆಯನ್ನ ಬಿಸಾಕಿದ್ರಿ. ನಾನು ಮಾರ್ತೀನಿ ಬಿಡಿ" ಎಂದೆ. ಮೂರು ದಿನ ಮಾತು ಬಿಟ್ಟಿದ್ದರು.

ಎರಡನೇ ವರ್ಷದಿಂದ ಪಾಸ್ ಇಲ್ಲ. ಒಂದು ನಾಟಕಕ್ಕೆ 100 ರೂಪಾಯಿ, ಎರಡು ದಿನದ್ದು ಸೇರಿಸಿದರೆ 150, ವಿದ್ಯಾರ್ಥಿಗಳಿಗೆ 50. ತಲಾ 500 ರೂಪಾಯಿವರೆಗಿನ ನಾಟಕದ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ, ಇದು ಬಹಳ ಸಂಘದವರಿಗೆ ಗೊತ್ತಿಲ್ಲದೆ ಸುಮ್ಮನೆ ಹೆದರುತ್ತಾರೆ. ನೂರು ರೂಪಾಯಿ ಕೊಟ್ಟವನು ಮಳೆ ಬಂದರೂ ಬರುತ್ತಾನೆ, ದುಡ್ಡು ವಸೂಲಾಗಬೇಕಲ್ಲ. ಹೆಂಡತಿಯನ್ನೂ ಕರೆತರುತ್ತಾನೆ. ಅವರ ಮನೆಯಲ್ಲಿ ನಾಟಕ ನೋಡುವ ಆಸೆ ಇದ್ದದ್ದು ಆಕೆಗೇ ಎಂದು ಆಮೇಲೆ ತಿಳಿಯುತ್ತದೆ.

ಕಳೆದ ಸಲದ ನಮ್ಮೂರಿನ ಖರ್ಚು ಹೇಳುತ್ತೇನೆ, ತಂಡದ ಸಂಭಾವನೆ ಬಿಟ್ಟು. ಎರಡು ದಿನಕ್ಕೆ ರಂಗಮಂದಿರದ ಬಾಡಿಗೆ 8,000. ಜನರೇಟರ್ ಮತ್ತು ಡೀಸೆಲ್ 5,500. ಊಟ ತಿಂಡಿ 13,200. ಛತ್ರದ ಕೋಣೆಗಳು 4,000. ಪೋಸ್ಟರ್, ಟಿಕೆಟ್ ಮುದ್ರಣ 3,800. ಆಟೋದಲ್ಲಿ ಮೈಕ್ ಪ್ರಚಾರ 1,500. ಚಿಲ್ಲರೆ 1,000. ಒಟ್ಟು 37,000. ಟಿಕೆಟ್‌ನಿಂದ ಬಂದದ್ದು 52,700. ಊರಿನ ಖರ್ಚು ಹುಟ್ಟಿ, ಸಂಭಾವನೆಗೂ ಸ್ವಲ್ಪ ಉಳಿಯಿತು. ಮಿಕ್ಕದ್ದು ಜಾಹೀರಾತು, ದೇಣಿಗೆ. ಟಿಕೆಟ್ ಒಂದರಿಂದಲೇ ನಾಟಕದ ಪೂರ್ತಿ ಖರ್ಚು ನಮ್ಮೂರಿನಲ್ಲಿ ಯಾವತ್ತೂ ಹುಟ್ಟಿಲ್ಲ. ಹುಟ್ಟಬೇಕೆಂದು ಹಟ ಹಿಡಿದರೆ ಟಿಕೆಟ್ 300 ಮಾಡಬೇಕು, ಆಗ ಕಾಲೇಜು ಹುಡುಗರು ಬರುವುದಿಲ್ಲ.

ಜನರೇಟರ್ ಯಾಕೆ ಎಂದು ಕೇಳಬೇಡಿ. ಮೂರನೇ ವರ್ಷ ಬೇರೊಂದು ಸಭಾಂಗಣ ಸಿಕ್ಕಿತ್ತು, ಹೆಸರು ಬೇಡ. ತ್ರೀ ಫೇಸ್ ಇದೆ ಅಂದಿದ್ದರು. ಇದ್ದದ್ದು ನಿಜ, ಒಂದು ಫೇಸ್ ಸತ್ತಿತ್ತು. ಸಂಜೆ ಐದೂವರೆಗೆ ಲೈಟಿಂಗ್ ಹುಡುಗ ಬಂದು "ಸರ್, ಅರ್ಧ ಲೈಟು ಹತ್ತಲ್ಲ" ಎಂದ. ನನ್ನ ಅಂಗಡಿಗೆ ಬರುವ ಎಲೆಕ್ಟ್ರಿಷಿಯನ್ ಮದುವೆ ಮನೆಯಿಂದ ಪಂಚೆಯಲ್ಲೇ ಓಡಿಬಂದ. ನಾಟಕ ಮುಕ್ಕಾಲು ಗಂಟೆ ತಡ. ತಂಡದವರು ಅಷ್ಟು ಹೊತ್ತು ಕಾಯುತ್ತ ಕೂತ ಜನರಿಗೆ ರಂಗಗೀತೆ ಹಾಡಿದರು. ದುಡ್ಡು ವಾಪಸ್ ಕೇಳಲು ಎದ್ದಿದ್ದ ಇಬ್ಬರು ಮತ್ತೆ ಕೂತರು. ಆದರೆ ಹೊತ್ತು ಮೀರುತ್ತಿತ್ತು, ನನಗೆ ಕೊನೆಯ ಅರ್ಧ ಗಂಟೆ ಗಡಿಯಾರವೇ ನಾಟಕ. ಅಂದಿನಿಂದ ಒಂದು ವಾರ ಮೊದಲು ನಾನೇ ಟೆಸ್ಟರ್ ಹಿಡಿದುಕೊಂಡು ಹೋಗುತ್ತೇನೆ.

ಪ್ರಾಯೋಜಕರ ಕಾಟ ಇನ್ನೊಂದು ಥರ. ಗೊಬ್ಬರದ ಅಂಗಡಿಯವರು 10,000 ಕೊಡುತ್ತೇನೆಂದರು. ಎರಡು ಷರತ್ತು: ರಂಗದ ಹಿಂಪರದೆಗೆ ಅವರ ಬ್ಯಾನರ್, ನಾಟಕದ ಮಧ್ಯೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನ. ಮೇಷ್ಟ್ರು ಕೆಂಪಾದರು. "ಬೇಡ ಅಂತ ಹೇಳಿಬಿಡು" ಅಂದರು. ಬೇಡ ಅನ್ನುವುದು ಸುಲಭ, ಜನರೇಟರಿನವನಿಗೆ ಏನು ಹೇಳಲಿ? ನಾನು ಅವರ ಅಂಗಡಿಗೆ ಹೋಗಿ ಟೀ ಕುಡಿದು, ಒಂದು ಮಾತು ಹೇಳಿದೆ: "ಅಣ್ಣಾ, ಬ್ಯಾನರ್ ಕತ್ತಲಲ್ಲಿ ಯಾರಿಗೂ ಕಾಣಲ್ಲ. ಟಿಕೆಟ್ ಹಿಂಬದಿ ಕೊಡ್ತೀನಿ, ಮನೆಗೆ ಹೋಗುತ್ತೆ." ಟಿಕೆಟ್ ತೋರಿಸಿದರೆ ಔಷಧಿ ಸಿಂಪಡಿಸುವ ಪಂಪಿನ ಮೇಲೆ ಐದು ಪರ್ಸೆಂಟ್ ಕಡಿಮೆ ಎಂದು ಅಚ್ಚು ಹಾಕಿಸಿದೆವು. ಸನ್ಮಾನವನ್ನು ಆರು ಗಂಟೆಗೆ, ಹೊರಗೆ ಕಾಫಿ ಕೊಡುವ ಜಾಗದಲ್ಲಿ, ಹತ್ತೇ ನಿಮಿಷಕ್ಕೆ ಮುಗಿಸಿದೆವು. ಆರು ಗಂಟೆಗೆ ಜನ ಬರಲಿ ಎಂದು ಅವರೇ ನೆಂಟರಿಷ್ಟರನ್ನು ಕರೆತಂದರು, ಅವರಿಗೂ ಟಿಕೆಟ್ ಹರಿದೆ. ನಾಟಕ ಏಳಕ್ಕೆ ಸರಿಯಾಗಿ ಶುರು. ಆಮೇಲೆ ಪಂಪ್ ಕೊಳ್ಳಲು ಟಿಕೆಟ್ ಹಿಡಿದು ಹದಿನಾಲ್ಕು ಜನ ಹೋದರಂತೆ. ಮರುವರ್ಷ ಅವರೇ ಫೋನ್ ಮಾಡಿದರು.

ಅಕ್ಕಿ ಗಿರಣಿಯ ಸಾಹುಕಾರರು "80ಜಿ ಇದೆಯಾ?" ಎಂದು, ಅಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆಯೇ ಎಂದು ಕೇಳಿದಾಗ ಮಾತ್ರ ನಾನು ಬಾಯಿ ಮುಚ್ಚಿಕೊಂಡೆ. ನಮ್ಮದು 1960ರ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಸಂಘ, ಆದರೆ ನಾಲ್ಕು ವರ್ಷ ಆಡಿಟ್ ಆದ ಲೆಕ್ಕ, ಸದಸ್ಯರ ಪಟ್ಟಿ ಸಲ್ಲಿಸಿರಲೇ ಇಲ್ಲ. ಹಿಂದಿನವರು ವೋಚರುಗಳನ್ನು ಮೇಕಪ್ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅರ್ಧಕ್ಕೆ ಗಂಧ, ಅರ್ಧಕ್ಕೆ ಸಫೇದಾ ಮೆತ್ತಿತ್ತು. ಅದನ್ನೆಲ್ಲ ಸರಿಮಾಡಲು ಒಂದು ವರ್ಷ ಹಿಡಿಯಿತು. ತಿರುಗಾಟದ ಜೊತೆ ಬರುವ ವ್ಯವಸ್ಥಾಪಕರು ಪ್ರದರ್ಶನ ಮುಗಿದ ರಾತ್ರಿಯೇ ರಸೀದಿ ಬರೆದು ಕೊಟ್ಟಾಗ, ನಮ್ಮ ಮೇಕಪ್ ಪೆಟ್ಟಿಗೆ ನೆನೆದು ಒಳಗೊಳಗೇ ನಾಚಿದೆ.

ಇದೇ ದಾರಿಯ ಇನ್ನೊಂದು ತಂಡ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ, 1997ರಿಂದ ಊರೂರು ತಿರುಗುತ್ತಿದೆ. ನಮ್ಮ ಪಕ್ಕದ ತಾಲ್ಲೂಕಿನ ಗೆಳೆಯರು ಅವರನ್ನು ಕರೆಸುತ್ತಾರೆ. ಅವರ ರುಚಿ ಬೇರೆ, ವಚನದ ಹದ ಜಾಸ್ತಿ. ಒಂದು ವರ್ಷ ಇದು, ಒಂದು ವರ್ಷ ಅದು ಎಂದು ಕರೆಸಿದರೆ ಪ್ರೇಕ್ಷಕರಿಗೂ ಒಳ್ಳೆಯದು.

ಕರೆಸುವವರಿಗೆ ಕೆಲವು ಮಾತು. ಊಟವನ್ನು ಕೇಟರಿಂಗ್‌ಗೆ ಒಪ್ಪಿಸಬೇಡಿ. ಪಾತ್ರಧಾರಿಗಳು ಪ್ರದರ್ಶನಕ್ಕೆ ಮೊದಲು ಹಗುರವಾಗಿ ತಿನ್ನುತ್ತಾರೆ, ನಿಜವಾದ ಹಸಿವು ಮುಗಿದ ಮೇಲೆ, ಸೆಟ್ ಬಿಚ್ಚಿ ವಾಹನಕ್ಕೆ ಹೇರಿದ ಮೇಲೆ. ಆ ಹೊತ್ತಿಗೆ ಬಿಸಿ ಅನ್ನ, ಸಾರು, ಮಜ್ಜಿಗೆ ಇರಲಿ. ನಮ್ಮಲ್ಲಿ ಸಂಘದ ಹೆಂಗಸರು ಮುದ್ದೆ, ಬಸ್ಸಾರು ಮಾಡಿದ ವರ್ಷ ಸಂಭ್ರಮವೇ ಬೇರೆ. ಉತ್ತರ ಕರ್ನಾಟಕದ ಒಬ್ಬ ಹುಡುಗ ಮುದ್ದೆಯನ್ನು ಅಗಿಯುತ್ತಿದ್ದ. "ನುಂಗೋ ಮಗಾ, ಅಗಿಬ್ಯಾಡ" ಎಂದು ನಮ್ಮ ಅತ್ತಿಗೆ ಹೇಳಿಕೊಟ್ಟರು. ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಾದ ಕೋಣೆ, ಬಿಸಿನೀರು ಬೇಕೇ ಬೇಕು, ಇದರಲ್ಲಿ ಉಳಿತಾಯ ಮಾಡಬೇಡಿ.

ಅಂಕ ಕೊಡಿ ಎಂದರೆ ತಂಡಕ್ಕೆ ಐದಕ್ಕೆ ಐದು, ಆಯ್ದ ನಾಟಕಗಳಿಗೆ ವರ್ಷಕ್ಕೊಂದು ಥರ, ನಮ್ಮ ಸಂಘಕ್ಕೆ ಮೂರೂವರೆ. ಪ್ಲೈವುಡ್ಡಿನ ಬಾಕಿ ಬಂದರೆ ನಾಲ್ಕು ಮಾಡುತ್ತೇನೆ.

ಮುಂದಿನ ಸಲಕ್ಕೆ ರಂಗಮಂದಿರ ಕಾಯ್ದಿರಿಸಿ ಆಗಿದೆ. ಮೇಷ್ಟ್ರು ಮೊನ್ನೆ ಅಂಗಡಿಗೆ ಬಂದು ಕೌಂಟರಿನ ಮೇಲೆ 300 ರೂಪಾಯಿ ಇಟ್ಟರು, ಅವರದ್ದೊಂದು, ಅವರ ಶ್ರೀಮತಿಯವರದ್ದೊಂದು, ಎರಡೂ ದಿನದ್ದು. ಅಧ್ಯಕ್ಷರಾಗಿ ಟಿಕೆಟ್ ತೆಗೆದುಕೊಂಡದ್ದು ಅದೇ ಮೊದಲು. ಇನ್ನೂ ಅಚ್ಚಾಗಿ ಬಂದಿಲ್ಲವಾದ್ದರಿಂದ, ಪೇಂಟಿನ ಬಿಲ್ ಪುಸ್ತಕದಲ್ಲೇ ಬರೆದು ಕೊಟ್ಟೆ.