ಬಾನೆಟ್ಟಿನ ಬಿಸಿಗೆ ಮೂರು ದಾರಿ: ನನ್ನ ಓಟು ಲೂವರ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಬಾನೆಟ್ಟಿನೊಳಗೆ ಸಿಕ್ಕಿಕೊಂಡ ಬಿಸಿಗಾಳಿಯನ್ನು ಹೊರಗೆ ಹಾಕಬೇಕು ಅಂದರೆ, ಹೊಸ ತಗಡಿಗೆ ಪ್ರೆಸ್ಸಿನಲ್ಲಿ ಲೂವರ್ (ಒಂದು ಅಂಚು ಉಬ್ಬಿದ ಗಾಳಿ ಸೀಳು) ಹೊಡೆಸುವುದೇ ಸರಿ. ನಾನು ಆ ದಾರಿಗೆ ಬಂದಿದ್ದು ಕೊನೆಗೆ. ಅಷ್ಟರಲ್ಲಿ ಬಾನೆಟ್ಟಿನ ಹಿಂಬದಿ ಎತ್ತಿ ನೋಡಿದ್ದಾಗಿತ್ತು, ಲೂವರ್ ಇರುವ ರೆಡಿಮೇಡ್ ತಗಡಿನ ಪಟ್ಟಿ ತಂದು ವೆಲ್ಡ್ ಮಾಡಿ ಒಂದು ಒಳ್ಳೆ ಬಾನೆಟ್ ಹಾಳಾಗಿತ್ತು.

ನಾಲ್ಕು ವರ್ಷ ಕೂತು ಕಟ್ಟಿದ ಹಾಟ್ ರಾಡ್ ಇದು, ಅಂದರೆ ಹಳೇ ಮಾದರಿಯ ಕಾರನ್ನು ಜೋರಾಗಿ ಓಡುವ ಹಾಗೆ ಮಾರ್ಪಡಿಸಿದ್ದು. ವಿ8 ಇಂಜಿನ್, ಒಂದೇ ತುಂಡಿನ ಬಾನೆಟ್, ಹಿಂದೆ ಹಿಂಜ್. 1932ರ ಫೋರ್ಡ್ ಕಾರಿನ ಬಾನೆಟ್ ಪಕ್ಕದಲ್ಲಿ ಸಾಲಾಗಿ ಸೀಳುಗಳಿದ್ದವು. ಅವು ಅಂದಕ್ಕೆ ಮಾತ್ರ ಇದ್ದವಲ್ಲ. ನಾನು ನುಣ್ಣಗೆ ಕಾಣಲಿ ಅಂತ ಪಕ್ಕಕ್ಕೆ ಸಪಾಟು ತಗಡು ಹಾಕಿದ್ದೆ. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಇಂಜಿನ್ ಬಿಸಿ ತೋರಿಸುವ ಮುಳ್ಳು 106 ಡಿಗ್ರಿಗೆ ಹೋಗುತ್ತಿತ್ತು. ರೇಡಿಯೇಟರ್ ದೊಡ್ಡದೇ ಇತ್ತು, ಫ್ಯಾನೂ ಸರಿಯಿತ್ತು. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ಬಾಗಿಲೇ ಇರಲಿಲ್ಲ. ಅದೂ ಅಲ್ಲದೆ ರೇಡಿಯೇಟರ್ ದಾಟಿದ ಗಾಳಿ ಹಿಗ್ಗುತ್ತದೆ. 30 ಡಿಗ್ರಿಯ ಗಾಳಿ 70ಕ್ಕೆ ಏರಿದರೆ ಸುಮಾರು 13% ಜಾಸ್ತಿ ಜಾಗ ಬೇಕು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಹಿಂಜ್ ಕೆಳಗೆ ವಾಷರ್ ಇಟ್ಟು ಹಿಂಬದಿಯನ್ನು 20 ಮಿ.ಮೀ. ಎತ್ತಿದೆ. ಅರ್ಧ ಗಂಟೆಯ ಕೆಲಸ, ಖರ್ಚು ಇಲ್ಲ ಅಂತಲೇ ಲೆಕ್ಕ. ಕಾರು ನಿಂತಾಗ ಗಾಜಿನ ಮುಂದೆ ಬಿಸಿ ತೆಳ್ಳಗೆ ನಡುಗುತ್ತಾ ಮೇಲೇಳುವುದು ಕಣ್ಣಿಗೇ ಕಾಣುತ್ತಿತ್ತು. ಮುಳ್ಳು 99ಕ್ಕೆ ಇಳಿಯಿತು. ಆದರೆ ಹೈವೇಗೆ ಬಂದರೆ ಮೊದಲಿಗಿಂತ 4 ಡಿಗ್ರಿ ಏರಿತು, ಕಾರಿನೊಳಗೆ ಸುಟ್ಟ ಎಣ್ಣೆಯ ವಾಸನೆ ಬೇರೆ. ಓಡುವಾಗ ಗಾಳಿ ಗಾಜಿಗೆ ಬಡಿದು ಅದರ ಬುಡದಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ. ಅಲ್ಲಿ ಸಂದು ಬಿಟ್ಟರೆ ಗಾಳಿ ಒಳಗೆ ನುಗ್ಗುತ್ತದೆ. 1960ರ ದಶಕದ ಕಮಾರೋ ಕಾರಿನಲ್ಲಿ ಷೆವ್ರೊಲೆ ಕಂಪನಿ ಕಾರ್ಬ್ಯುರೇಟರಿಗೆ ಗಾಳಿ ಎಳೆದುಕೊಂಡಿದ್ದು ಇದೇ ಜಾಗದಿಂದ. ನಾನು ಹೋಗುವ ಬಾಗಿಲು ಅಂದುಕೊಂಡಿದ್ದು ಬರುವ ಬಾಗಿಲಾಗಿತ್ತು.

ಹಾಗಾದರೆ ಎಲ್ಲಿ ಕೊರೆಯಬೇಕು? ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ಹಾಕಿ, ಡ್ಯಾಶಿಗೆ ಕಟ್ಟಿದೆ. ಒಂದು ತುದಿ ಬಾನೆಟ್ ಒಳಗೆ, ಇನ್ನೊಂದು ತುದಿ ಬಾನೆಟ್ ಮೇಲೆ ಟೇಪಿನಲ್ಲಿ ಅಂಟಿಸಿದ್ದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಾನೆಟ್ಟಿನ ಮುಂದಿನ ಮೂರನೇ ಒಂದು ಭಾಗದಲ್ಲಿ ನೀರು 12 ಮಿ.ಮೀ. ಹೊರಗಿನ ಕಡೆಗೆ ಎಳೆಯಿತು. ಗಾಜಿನ ಹತ್ತಿರ ತುದಿ ಸರಿಸಿದರೆ ನೀರು ಉಲ್ಟಾ ತಿರುಗಿತು. ಲೂವರ್ ಹೊಡೆಸುವ ಮೊದಲು ಎಲ್ಲರೂ ಈ ಪರೀಕ್ಷೆ ಮಾಡಲೇಬೇಕು ಅನ್ನುತ್ತೇನೆ.

ಆಮೇಲೆ ಬಂತು ರೆಡಿಮೇಡ್ ಪಟ್ಟಿ. ಎಂಟೆಂಟು ಲೂವರ್ ಇರುವ ಎರಡು ಪಟ್ಟಿ, ನೋಡಲು ಅಚ್ಚುಕಟ್ಟು. ಬಾನೆಟ್ ಕೊಯ್ದು ಕೂರಿಸಿ ಮಿಗ್ ವೆಲ್ಡಿಂಗಿನಲ್ಲಿ (ತಂತಿ ಗನ್ನಿನಿಂದ ತಾನೇ ಬರುವ ಬಗೆ) ಟ್ಯಾಕ್ ಹಾಕಿದೆ. ಅವಸರ ಮಾಡಲಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ತಗಡು ಮುಟ್ಟುವಷ್ಟು ತಣ್ಣಗಾದ ಮೇಲೆ ಮುಂದಿನದು. ಆದರೂ ಕೊನೆಗೆ ಕೈಯಾಡಿಸಿದರೆ ಎರಡು ಪಟ್ಟಿಗಳ ನಡುವೆ ಅಂಗೈಯಗಲದ ಜಾಗ ಉಬ್ಬಿ ನಿಂತಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಟಪ್ ಅಂತ ಒಳಗೆ, ಬಿಟ್ಟರೆ ಟಪ್ ಅಂತ ಹೊರಗೆ, ಥೇಟ್ ಎಣ್ಣೆ ಡಬ್ಬದ ತಳದ ಹಾಗೆ.

ವೆಲ್ಡ್ ಆದ ಗೆರೆ ತಣ್ಣಗಾಗುತ್ತಾ ಕುಗ್ಗುತ್ತದೆ. ಗೆರೆ ಕುಗ್ಗಿದರೆ ಪಕ್ಕದ ತಗಡು ಎಲ್ಲಿಗೆ ಹೋಗಬೇಕು ಹೇಳಿ? ಉಬ್ಬಲೇಬೇಕು. ಗೆರೆಯ ಕೆಳಗೆ ಡಾಲಿ (ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ) ಹಿಡಿದು ಮೇಲಿಂದ ಸುತ್ತಿಗೆಯಲ್ಲಿ ಬಡಿದು ಹಿಗ್ಗಿಸುವುದೇ ಪರಿಹಾರ. ಆದರೆ ಮಿಗ್ ವೆಲ್ಡಿನ ಗೆರೆ ಗಟ್ಟಿ, ಸುಲಭಕ್ಕೆ ಹಿಗ್ಗುವುದಿಲ್ಲ. ತೆಳ್ಳಗೆ ಗ್ರೈಂಡ್ ಮಾಡಲು ಹೋದರೆ ಮತ್ತೆ ಬಿಸಿ, ಮತ್ತೆ ಸೊಟ್ಟ. ಸಾಲದ್ದಕ್ಕೆ ಲೂವರ್ ಅಡ್ಡ ಬಂದು ಡಾಲಿ ಸರಿಯಾಗಿ ಕೂರುವುದೇ ಇಲ್ಲ.

ಮೂರು ಭಾನುವಾರ ಅದಕ್ಕೇ ಹೋದವು. ಉಬ್ಬಿದ ಕಡೆ ನಾಣ್ಯದಗಲ ಕೆಂಪಗೆ ಕಾಯಿಸಿ, ಸುತ್ತ ಬಡಿದು, ಒದ್ದೆ ಬಟ್ಟೆ ಒತ್ತಿ ಕುಗ್ಗಿಸಿ ನೋಡಿದೆ. ಒಂದು ಉಬ್ಬು ಇಳಿದರೆ ಇನ್ನೊಂದು ಏಳುತ್ತಿತ್ತು. ಮೇಲೆ ಪುಟ್ಟಿ ಮೆತ್ತಿದರೆ ಕಣ್ಣಿಗೆ ಸರಿ ಕಾಣುತ್ತಿತ್ತೇನೋ. ಆದರೆ ಟಪ್ ಟಪ್ ಅನ್ನುವ ತಗಡಿನ ಮೇಲೆ ಪುಟ್ಟಿ ನಿಲ್ಲುವುದಿಲ್ಲ, ಬಿರುಕು ಬಿಡುತ್ತದೆ. ಬಿಸಿ ಇಳಿದಿದ್ದೇನೋ ನಿಜ, ಮುಳ್ಳು 95ಕ್ಕೆ ಬಂದಿತ್ತು. ಆದರೆ ಹೈವೇಯಲ್ಲಿ ಬಾನೆಟ್ ಗುಂಯ್ ಅನ್ನುತ್ತಿತ್ತು, ಬಿಸಿಲಿಗೆ ನಿಲ್ಲಿಸಿದರೆ ಅಲೆ ಕಾಣುತ್ತಿತ್ತು. ನಾಲ್ಕು ವರ್ಷದ ಕೆಲಸದ ಮೇಲೆ ಅದನ್ನು ದಿನಾ ನೋಡಲು ನನ್ನಿಂದ ಆಗಲಿಲ್ಲ.

ಕೊನೆಗೆ 1 ಮಿ.ಮೀ. ಉಕ್ಕಿನ ಹೊಸ ತಗಡು ತಂದು, ಗೆರೆ ಎಳೆದು, ಪ್ರೆಸ್ ಇರುವವರ ಹತ್ತಿರ ಒಯ್ದೆ. ಒಂದು ಲೂವರ್‌ಗೆ ಇಷ್ಟು ಅಂತ ದುಡ್ಡು, ಹಾಗಾಗಿ 48ರ ಬದಲು 32ಕ್ಕೆ ನಿಲ್ಲಿಸಿದೆ. ಡೈ, ಅಂದರೆ ಪ್ರೆಸ್ಸಿನ ಅಚ್ಚು, ಒಂದೇ ಏಟಿಗೆ ಸೀಳಿ ಉಬ್ಬಿಸುತ್ತದೆ. ಬೆಂಕಿ ಇಲ್ಲ, ಬೆಸುಗೆ ಇಲ್ಲ. ತಗಡು ಸ್ವಲ್ಪ ಬಾಗಿತು ನಿಜ, ಆದರೆ ಇಡೀ ತಗಡು ಒಂದೇ ಕಡೆಗೆ ಬಾಗಿದ್ದು. ಇಂಗ್ಲಿಷ್ ವೀಲಿನಲ್ಲಿ (ಎರಡು ಚಕ್ರಗಳ ನಡುವೆ ತಗಡು ಉರುಳಿಸುವ ಯಂತ್ರ) ಒಂದು ಮಧ್ಯಾಹ್ನದಲ್ಲಿ ಸರಿಹೋಯಿತು. ಈಗ ಟ್ರಾಫಿಕ್ಕಿನಲ್ಲಿ 93, ಹೈವೇಯಲ್ಲಿ 86. ಸದ್ದಿಲ್ಲ, ವಾಸನೆಯಿಲ್ಲ.

ಅಲ್ಯೂಮಿನಿಯಂ ಹಗುರ, ಆದರೆ ಒರಗಿದರೂ ತಗ್ಗು ಬೀಳುತ್ತದೆ ಅಂತ ಬೇಡ ಅಂದೆ. ಪಕ್ಕದ ತಗಡು ಕಳಚಿ ಓಡಿಸಿದರೂ ಬಿಸಿ ಇಳಿಯುತ್ತದೆ, ಧೂಳು ತಡೆಯಲಾಗದು.

ಭಾನುವಾರ ಮಾತ್ರ ತೆಗೆಯುವ ಕಾರಾದರೆ, ಕೈಯಲ್ಲಿ ಟಿಗ್ ವೆಲ್ಡಿಂಗ್ (ತಂತಿಯನ್ನು ಕೈಯಲ್ಲೇ ಕೊಡುವ ಬಗೆ) ಚೆನ್ನಾಗಿ ಪಳಗಿದ್ದರೆ, ಪಟ್ಟಿ ತಂದು ನೋಡಬಹುದು. ಟಿಗ್ ಗೆರೆ ಮೆತ್ತಗಿರುತ್ತದೆ, ಬಡಿದರೆ ಹಿಗ್ಗುತ್ತದೆ. ನಾನು ವಾರಕ್ಕೆ ನಾಲ್ಕು ದಿನ ಇದರಲ್ಲೇ ಓಡಾಡುತ್ತೇನೆ, ನನ್ನ ಹತ್ತಿರ ಇರುವುದು ಮಿಗ್ ಒಂದೇ. ಪಟ್ಟಿ, ವೈರು, ಗ್ಯಾಸು, ಹಾಳಾದ ಬಾನೆಟ್ ಎಲ್ಲ ಕೂಡಿಸಿದರೆ 48 ಲೂವರ್ ಹೊಡೆಸಿದರೂ ದುಡ್ಡು ಉಳಿಯುತ್ತಿತ್ತು.

ಮಳೆ ಬಂದರೆ ಲೂವರ್‌ನಿಂದ ನೀರು ಇಳಿಯುತ್ತದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ಸಾಲು ಬರದ ಹಾಗೆ ಗೆರೆ ಹಾಕಿದ್ದೆ. ಆದರೂ ನಿಲ್ಲಿಸಿದಾಗ ಒಂದೆರಡು ಹನಿ ಏರ್ ಕ್ಲೀನರ್ ಮೇಲೆ ಬೀಳುತ್ತಿವೆ. ಉಳಿದ ತಗಡಿನಲ್ಲಿ ಒಂದು ಸಣ್ಣ ತಟ್ಟೆ ಬಗ್ಗಿಸಿ ಇಟ್ಟಿದ್ದೇನೆ, ಈ ವಾರ ಬಾನೆಟ್ಟಿನ ಕೆಳಗೆ ಕೂರಿಸಬೇಕು.