ಬಯೋಬಾಲ್ ಬಿಟ್ಟು ಪಾಚಿಗೆ: ಒಂದೂವರೆ ವರ್ಷದ ಬಳಕೆಯ ನಂತರ

ನಮ್ಮ ಮನೆಯ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಎರಡು ಕ್ಲೌನ್ ಮೀನುಗಳೂ ಒಂದು ಡ್ಯಾಮ್ಸೆಲ್ ಮೀನೂ ಇವೆ. ಮೊದಲು ಸಂಪಿನ (ಅಕ್ವೇರಿಯಂನ ನೀರನ್ನು ಶೋಧಿಸಲು ಅದಕ್ಕೆ ಜೋಡಿಸಿದ ಬೇರೊಂದು ತೊಟ್ಟಿಯ) ತುಂಬ ಬಯೋಬಾಲ್, ಅಂದರೆ ಬ್ಯಾಕ್ಟೀರಿಯಾ ನೆಲೆಸಲೆಂದು ಹಾಕುವ ಪ್ಲಾಸ್ಟಿಕ್ ಚೆಂಡುಗಳನ್ನು, ಹಾಕಿದ್ದೆ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಬಂದವಾದರೂ ನೈಟ್ರೇಟ್ ಮಾತ್ರ 40 ಪಿಪಿಎಂಗಿಂತ ಕೆಳಗಿಳಿಯಲಿಲ್ಲ. ಗಾಳಿ ಧಾರಾಳವಾಗಿ ಆಡುವ ಆ ಪ್ಲಾಸ್ಟಿಕ್ ಚೆಂಡುಗಳ ಮೇಲಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟಿನವರೆಗೆ ತಂದು ನಿಲ್ಲಿಸುತ್ತವೆ. ಅದನ್ನು ಸಾರಜನಕದ ಅನಿಲವಾಗಿ ಬಿಡಿಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ವಿರಳವಾಗಿರುವ ಜಾಗ ಬೇಕು.

ಆದ್ದರಿಂದ ಚೆಂಡುಗಳನ್ನು ವಾರಕ್ಕೆ ಒಂದು ಹಿಡಿಯಂತೆ ತೆಗೆಯುತ್ತಾ, ಸಂಪಿನ ಒಂದು ಭಾಗವನ್ನು ರೆಫ್ಯೂಜಿಯಂ (ಮೀನುಗಳಿಂದ ದೂರವಾಗಿ ಪಾಚಿ ಬೆಳೆಸುವ ಜಾಗ) ಮಾಡಿ ಕೀಟೊಮಾರ್ಫಾ ಪಾಚಿಯನ್ನು ಬಿಟ್ಟು, ಪಕ್ಕದಲ್ಲಿ ಆ ಬ್ಯಾಕ್ಟೀರಿಯಾಗಳು ನೆಲೆಸಲೆಂದು ಸಣ್ಣ ರಂಧ್ರಗಳಿರುವ ಸೆರಾಮಿಕ್ ಕಲ್ಲುಗಳನ್ನು ಜೋಡಿಸಿದೆ. ಇದೇ ಕೆಲಸಕ್ಕೆ ಲೈವ್ ರಾಕ್, ಅಂದರೆ ಜೀವಿಗಳು ನೆಲೆಸಿದ ಸಮುದ್ರದ ಕಲ್ಲನ್ನು, ಬಳಸುವುದುಂಟು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಹವಳಗಳಿಗೆ ರಕ್ಷಣೆಯಿದೆ. ಹವಳದ ದಿಬ್ಬದಿಂದ ಕಿತ್ತು ತಂದ ಲೈವ್ ರಾಕನ್ನು ಯಾರೇ ಕೊಟ್ಟರೂ ಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೀಟೊ ನೋಡಲು ಸಿಕ್ಕುಬಿದ್ದ ಹಸಿರು ನೈಲಾನ್ ದಾರದ ಉಂಡೆಯಂತಿರುತ್ತದೆ. ಅದು ಅಮೋನಿಯಾ, ನೈಟ್ರೇಟ್, ಫಾಸ್ಫೇಟುಗಳನ್ನು ನೇರವಾಗಿ ಹೀರಿಕೊಂಡು ಬೆಳೆಯುವುದರಿಂದ, ಹದಿನೈದು ದಿನಕ್ಕೊಮ್ಮೆ ಅರ್ಧ ಉಂಡೆಯನ್ನು ಹರಿದು ತೆಗೆದರೆ ಅಷ್ಟು ಕಶ್ಮಲವೂ ನೀರಿನಿಂದ ಹೊರಬಿದ್ದಂತೆ. ಮೂರು ತಿಂಗಳಲ್ಲಿ ನಮ್ಮ ನೈಟ್ರೇಟ್ 10 ಪಿಪಿಎಂಗೆ ಬಂತು. ಪಾಚಿಯ ದೀಪವನ್ನು ರಾತ್ರಿ ಉರಿಸಿ ಹಗಲು ಆರಿಸುತ್ತೇನೆ. ಇದರಿಂದ ರಾತ್ರಿಯ ಹೊತ್ತು ಪಿಎಚ್ ಕುಸಿಯುವುದು ಕಡಿಮೆಯಾಗಿದೆ. ಹೊಸದಾಗಿ ಕಿತ್ತ ಪಾಚಿಯನ್ನು ಬಿಳಿ ಬಟ್ಟಲಲ್ಲಿ ಅದೇ ಉಪ್ಪುನೀರಿಗೆ ಹಾಕಿ ಅಲ್ಲಾಡಿಸಿದರೆ ಸಾಸಿವೆಗಿಂತ ಚಿಕ್ಕ ಕೋಪೆಪಾಡುಗಳು (ಸಿಗಡಿಯ ದೂರದ ಬಂಧುಗಳಾದ ಜಲಜೀವಿಗಳು) ಚಿಮ್ಮಿ ಓಡಾಡುತ್ತವೆ. ಅವು ಮೀನಿಗೆ ಜೀವಂತ ಆಹಾರ, ಹಾಗಾಗಿ ಬಟ್ಟಲಿನ ನೀರನ್ನು ಮತ್ತೆ ತೊಟ್ಟಿಗೇ ಸುರಿಯುತ್ತೇನೆ.

ತೊಂದರೆಗಳೂ ಇವೆ. ಸಂಪಿಲ್ಲದ ತೊಟ್ಟಿಗೆ ಈ ವ್ಯವಸ್ಥೆಯನ್ನು ಹೊಂದಿಸುವುದು ಕಷ್ಟ, ದೀಪದ ವಿದ್ಯುತ್ ಖರ್ಚು ಬೇರೆ. ನೀರಿನ ಹರಿವು ಸಾಲದಿದ್ದರೆ ಉಂಡೆಯ ಒಳಭಾಗ ಬೆಳಕಿಲ್ಲದೆ ಕೊಳೆಯುತ್ತದೆ. ನಾನು ಆರಂಭದಲ್ಲಿ ಇದೇ ತಪ್ಪು ಮಾಡಿ ಒಂದು ಉಂಡೆಯನ್ನೇ ಕಳೆದುಕೊಂಡೆ. ಕಲ್ಲುಗಳ ವಿಷಯದಲ್ಲಿ ತಾಳ್ಮೆ ಬೇಕು, ಅವುಗಳೊಳಗೆ ಬ್ಯಾಕ್ಟೀರಿಯಾ ನೆಲೆಯೂರಲು ತಿಂಗಳುಗಳೇ ಹಿಡಿಯುತ್ತವೆ. ಅಂಗಡಿಯಲ್ಲಿ ಕೀಟೊ ಇಲ್ಲವೆಂದು ಕೌಲರ್ಪಾ ಎಂಬ ಇನ್ನೊಂದು ಪಾಚಿ ಕೊಟ್ಟರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಆ ಪಾಚಿ ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಬೆಳ್ಳಗಾಗಿ, ಹೀರಿಕೊಂಡದ್ದನ್ನೆಲ್ಲ ನೀರಿಗೆ ಮರಳಿ ಬಿಟ್ಟುಬಿಡುತ್ತದೆ.