ಮದ್ಯವಿಲ್ಲದ ಮದುವೆ ಊಟ: ಒಂದು ಕೇಟರಿಂಗ್ ತಂಡದ ಬಗ್ಗೆ

ಜನವರಿಯ ಎರಡನೆಯ ಶನಿವಾರ ಉಡುಪಿಯ ಒಂದು ಸಭಾಂಗಣದಲ್ಲಿ ನನ್ನ ಮಗಳ ಮದುವೆಯ ಊಟ ನಡೆಯಿತು. ಉಂಡವರು 430 ಮಂದಿ. ಒಂದು ತೊಟ್ಟು ಮದ್ಯವನ್ನೂ ಬಡಿಸಲಿಲ್ಲ. ಅಡುಗೆ ವಹಿಸಿಕೊಂಡದ್ದು ಮಂಗಳೂರಿನ ಕಡೆಯ ಒಂದು ಸಣ್ಣ ಕೇಟರಿಂಗ್ ತಂಡ. ತಾಯಿ ಮತ್ತು ಮಗ ಸೇರಿ ನಡೆಸುತ್ತಾರೆ. ಅವರ ಕೈಯಲ್ಲಿ ಆದ ಎರಡು ತಪ್ಪುಗಳನ್ನೂ ಹೇಳಲಿದ್ದೇನೆ, ಆದ್ದರಿಂದ ಹೆಸರು ಬೇಡ. ಊಟ ಚೆನ್ನಾಗಿತ್ತು ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಮದ್ಯವಿಲ್ಲದ ಮದುವೆ ಮಾಡಬೇಕೆಂದು ಆಸೆಪಟ್ಟು, ಕೊನೆಗೆ ಯಾರುಯಾರದೋ ಮಾತಿಗೆ ಮಣಿದು ಬಾರ್ ಕೌಂಟರ್ ಇರಿಸಿದ ತಂದೆತಾಯಂದಿರನ್ನು ನಮ್ಮವರಲ್ಲಿ ಬಹಳ ಕಂಡಿದ್ದೇನೆ. ಅಂಥವರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ನಾವು ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಷನ್ನಿನ ಸಭೆಯವರು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ನನ್ನ ಮುತ್ತಜ್ಜ ಮೂರ್ತೆಯ ಕಸುಬಿನವರು, ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನ್ ಆ ಕಸುಬನ್ನು ಒಪ್ಪುತ್ತಿರಲಿಲ್ಲ. ಸಭೆಗೆ ಸೇರುವವರು ಮೂರ್ತೆಯ ಕತ್ತಿಯನ್ನು ಕೆಳಗಿಡಬೇಕಿತ್ತು. ಕಸುಬು ಬಿಟ್ಟವರಿಗೆ ಅನ್ನದ ದಾರಿ ಬೇಕಲ್ಲ? ಮಿಷನ್ನಿನ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ, ಇವೆಲ್ಲ ಅಂಥವರನ್ನು ಒಳಗೆ ಕರೆದುಕೊಂಡವು. ಮುತ್ತಜ್ಜನೂ ಹಂಚಿನ ಕೆಲಸಕ್ಕೆ ಸೇರಿದರು. ನಮ್ಮ ಮನೆಯ ಮಾಡನ್ನು ತೋರಿಸಿ ಅಜ್ಜಿ ಹೇಳುತ್ತಿದ್ದುದುಂಟು: "ಈ ಹಂಚು ಕಳ್ಳು ಬಿಟ್ಟದ್ದಕ್ಕೆ ಸಿಕ್ಕಿದ್ದು." ಅಂಥ ಮನೆಯಲ್ಲಿ ಬೆಳೆದವನಿಗೆ ಮಗಳ ಮದುವೆಯಲ್ಲಿ ಬಾಟಲಿ ತೆರೆಯುವುದು ಸುಲಭದ ಮಾತಲ್ಲ.

ಬೀಗರು ಕಲ್ಯಾಣಪುರದ ಕಥೋಲಿಕರು, ಮನೆಮಾತು ಕೊಂಕಣಿ. ಮದುವೆಗೆ ಮುಂಚಿನ 'ರೋಸ್' ಶಾಸ್ತ್ರದ ದಿನ ತೆಂಗಿನ ಹಾಲು ಹಚ್ಚುವುದು ಎಷ್ಟು ಮುಖ್ಯವೋ, ಮದುವೆಯ ದಿನ ವೈನ್ ಲೋಟ ಎತ್ತಿ ವಧೂವರರಿಗೆ ಶುಭ ಕೋರುವ ಟೋಸ್ಟ್ ಹೇಳುವುದೂ ಅವರಿಗೆ ಅಷ್ಟೇ ಮುಖ್ಯ. ಮಾತುಕತೆಗೆ ಬಂದ ದಿನ ಅವರು ನೇರವಾಗಿಯೇ ಕೇಳಿದರು: "ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿಯೇ ನೀರನ್ನು ದ್ರಾಕ್ಷಾರಸ ಮಾಡಿಕೊಟ್ಟರಲ್ಲ ಬೀಗರೇ? ನಾವು ಅವರಿಗಿಂತ ದೊಡ್ಡ ಭಕ್ತರೇ?"

ಅವರ ಮಾತಿಗೆ ತೂಕವಿತ್ತು. ಯೋಹಾನನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಆರು ಕಲ್ಲಿನ ಬಾನಿಗಳ ಲೆಕ್ಕವಿದೆ. ಇಂದಿನ ಅಳತೆಯಲ್ಲಿ ಒಟ್ಟು ಸುಮಾರು 500ರಿಂದ 700 ಲೀಟರ್. ಅಷ್ಟನ್ನು ಮದುವೆ ಮನೆಯ ಮರ್ಯಾದೆ ಕಾಯುವುದಕ್ಕೆಂದು ಕರ್ತನು ಕೊಟ್ಟನು. ನನ್ನ ದೊಡ್ಡಪ್ಪ ಬದುಕಿದ್ದಷ್ಟು ದಿನ, ಅದು ಹಿಂಡಿದ ಹಸಿ ದ್ರಾಕ್ಷಿಯ ರಸ ಎಂದೇ ವಾದಿಸುತ್ತಿದ್ದರು. ಕನ್ನಡ ಬೈಬಲಿನಲ್ಲಿ ಇರುವ ಪದವೂ 'ದ್ರಾಕ್ಷಾರಸ'ವೇ ಅಲ್ಲವೇ, ರಸ ಎಂದರೆ ರಸ, ಎಂದು ಅವರ ಪಟ್ಟು. ನಾನು ಒಪ್ಪಲಾರೆ. ಆದಿಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ ನೋಹನು ಕುಡಿದು ಅಮಲೇರಿ ಗುಡಾರದಲ್ಲಿ ಬೆತ್ತಲೆ ಬಿದ್ದದ್ದೂ ಅದೇ ದ್ರಾಕ್ಷಾರಸದಿಂದ. ಹಸಿ ರಸ ಕುಡಿದು ಯಾರಿಗೂ ಅಮಲೇರುವುದಿಲ್ಲ. ಪೌಲನು ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆಂದು ಸ್ವಲ್ಪ ಕುಡಿಯಲು ಹೇಳಿದ್ದು, 104ನೆಯ ಕೀರ್ತನೆ ದ್ರಾಕ್ಷಾರಸವನ್ನು ಮನುಷ್ಯನ ಹೃದಯಕ್ಕೆ ಸಂತೋಷ ಕೊಡುವುದೆಂದು ದೇವರ ವರಗಳ ಸಾಲಿನಲ್ಲಿ ಇಟ್ಟದ್ದು, ಇವನ್ನು ಒರಸಿ ಹಾಕಿ ಮದ್ಯವನ್ನು ವಿರೋಧಿಸುವುದು ಬೈಬಲಿಗೆ ಮಾಡುವ ಮೋಸ. ಕುಡಿದು ಮತ್ತರಾಗಬೇಡಿ ಎಂದು ಎಫೆಸದವರಿಗೆ ಬರೆದದ್ದನ್ನು ಬೀಗರೂ ಒಪ್ಪುತ್ತಾರೆ. ಊಟ, ಮದ್ಯ, ತಂಬಾಕು ಯಾವುದೂ ಅತಿಯಾಗಬಾರದೆಂದು ಅವರ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಹಾಗಾದರೆ ನಮ್ಮಿಬ್ಬರ ಜಗಳ ಎಲ್ಲಿ?

ನನ್ನ ತಮ್ಮನಲ್ಲಿ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹದಿನಾರು ವರ್ಷ ಅವನು ಕುಡಿದ. ಕೆಲಸ ಹೋಯಿತು, ಮನೆ ಹೋಯಿತು, ಎರಡು ಸಲ ಆಸ್ಪತ್ರೆಯಿಂದ ಬದುಕಿ ಬಂದ. ಈಗ ಒಂಬತ್ತು ವರ್ಷಗಳಿಂದ ಮುಟ್ಟಿಲ್ಲ. ವಾರಕ್ಕೆರಡು ಬಾರಿ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಕ್ಕೆ ಹೋಗುತ್ತಾನೆ; ಅಲ್ಲಿಯವರು ಮೊದಲ ದಿನ ಹೇಳಿಕೊಟ್ಟದ್ದು, ಅಪಾಯ ಹತ್ತನೆಯ ಲೋಟದಲ್ಲಿಲ್ಲ, ಮೊದಲನೆಯ ಲೋಟದಲ್ಲಿದೆ ಎಂದು. ಈ ಒಂಬತ್ತು ವರ್ಷಗಳಲ್ಲಿ ಅವನು ನಮ್ಮ ಬಂಧುಗಳ ಒಂದು ಮದುವೆಯಲ್ಲೂ ಟೋಸ್ಟ್ ಆಗುವವರೆಗೆ ಕುಳಿತಿಲ್ಲ. ದೇವಾಲಯದಿಂದಲೇ ಕೈಮುಗಿದು ಹೊರಟುಬಿಡುತ್ತಾನೆ. ಅಣ್ಣನ ಮಗಳ ಮದುವೆಯಿಂದಲೂ ಅವನು ಊಟ ಮಾಡದೆ ಹೋಗಬೇಕೇ? ನಿಮ್ಮ ಸಹೋದರನಿಗೆ ಅಡ್ಡಿಯಾಗುವುದಾದರೆ ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಟ್ಟುಬಿಡುವುದು ಒಳ್ಳೆಯದು ಎಂದು ರೋಮಾದವರಿಗೆ ಬರೆದ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಬೀಗರಿಗೆ ನಾನು ಇಷ್ಟೇ ಹೇಳಿದೆ: "ಕುಡಿಯುವುದು ಪಾಪವೆಂದು ನಾನು ಹೇಳುವುದಿಲ್ಲ. ನನ್ನ ತಮ್ಮ ಮೂಸಿ ನೋಡದೆ, ಯಾರನ್ನೂ ಕೇಳದೆ, ಎದುರಿಗಿರುವ ಲೋಟ ಎತ್ತುವಂತಾಗಬೇಕು. ಅಂಥ ಟೋಸ್ಟ್ ಮಾಡೋಣ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಡುಗೆಯವರನ್ನು ನೀವೇ ನೋಡಿ" ಎಂದರು.

ಹೀಗೆ ನಾನು ಕೇಟರಿಂಗ್ ತಂಡವನ್ನು ಹುಡುಕಿದ್ದು ಆ ಒಂದು ಲೋಟಕ್ಕಾಗಿ. ಮೊದಲು ಕೇಳಿದ ಇಬ್ಬರು, ಬಾರ್ ಇಲ್ಲದಿದ್ದರೆ ತಟ್ಟೆಯ ದರ ಹೆಚ್ಚಾಗುತ್ತದೆ ಎಂದರು. ಏಕೆಂದು ನನಗೆ ಅರ್ಥವಾಗಲಿಲ್ಲ. ಮೂರನೆಯವರು ಈ ತಾಯಿ-ಮಗ.

ರುಚಿ ನೋಡಲು ಕರೆದದ್ದು ನವೆಂಬರ್‌ನಲ್ಲಿ. ತಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಹಂದಿಮಾಂಸದ ಬಫಾತ್, ಕೋಳಿ ಪದಾರ್ಥ, ಇಡ್ಲಿಯಂಥ ಸನ್ನ ಎಲ್ಲ ಬಂತು. ಕೊನೆಗೆ ಮಗ ಸಣ್ಣ ಗಾಜಿನ ಲೋಟಗಳಲ್ಲಿ ಕಡುಗೆಂಪು ಪಾನೀಯ ತಂದು, "ಇದು ಹೋಮ್ ವೈನ್, ಆಲ್ಕೋಹಾಲ್ ಇಲ್ಲ ಅಂಕಲ್, ಟೋಸ್ಟಿಗೆ ಇದನ್ನೇ ಕೊಡುತ್ತೇವೆ" ಎಂದ. ತಮ್ಮ ಕೈ ಚಾಚಿದವನು ನಡುವೆಯೇ ನಿಲ್ಲಿಸಿದ. ಅವನ ಮುಖ ನೋಡಿಯೇ ನಾನು ಲೋಟವನ್ನು ಮೂಗಿನ ಹತ್ತಿರ ತಂದೆ. ಹುಳಿ ಹಿಟ್ಟಿನ ವಾಸನೆ. ಹೇಗೆ ಮಾಡಿದ್ದೆಂದು ಕೇಳಿದೆ. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಈಸ್ಟ್. ಭರಣಿಯಲ್ಲಿ ಬಾಯಿ ಕಟ್ಟಿ ಇಪ್ಪತ್ತೊಂದು ದಿನ. "ಹೊರಗಿನಿಂದ ಏನೂ ಸೇರಿಸಿಲ್ಲ" ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಿದ.

ಈ ನಂಬಿಕೆ ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಎಷ್ಟು ಆಳವಾಗಿ ಕುಳಿತಿದೆಯೆಂದರೆ, ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳ ತಟ್ಟೆಯ ಜೊತೆ ಮಕ್ಕಳಿಗೂ ಇದನ್ನು ಕೊಡುತ್ತೇವೆ. ಹೊರಗಿನಿಂದ ಸೇರಿಸಬೇಕಾಗಿಯೇ ಇಲ್ಲ. ಈಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಜೊತೆಗೆ ಅನಿಲ ಬಿಡುತ್ತದೆ. ಭರಣಿಯಲ್ಲಿ ಗುಳ್ಳೆ ಏಳುವುದು ಅದಕ್ಕೇ. ಸಕ್ಕರೆ ಧಾರಾಳವಾಗಿ ಹಾಕಿ ಮೂರು ವಾರ ಬಿಟ್ಟರೆ ಶೇಕಡಾ 10 ದಾಟುವುದು ಕಷ್ಟವೇನಲ್ಲ. ಅಂದರೆ ಸಾಮಾನ್ಯ ಬಿಯರಿಗಿಂತ ಹೆಚ್ಚು. ಪರವಾನಗಿಯಿಲ್ಲದೆ ಅದನ್ನು ಮಾರುವುದು ಅಬಕಾರಿ ಕಾನೂನಿನ ಪ್ರಕಾರ ಅಪರಾಧ, ಅದು ಬೇರೆ ಮಾತು. ನನ್ನನ್ನು ನಡುಗಿಸಿದ್ದು ಕಾನೂನಲ್ಲ. ತಮ್ಮ ಆ ಮಾತನ್ನು ನಂಬಿ ಕುಡಿದಿದ್ದರೆ, ಅವನ ಒಂಬತ್ತು ವರ್ಷ ಒಂದು ಸಣ್ಣ ಲೋಟದಲ್ಲಿ, ಒಳ್ಳೆಯ ಮನಸ್ಸಿನ ಒಬ್ಬ ಹುಡುಗನ ಕೈಯಲ್ಲಿ, ಹೋಗಿಬಿಡುತ್ತಿತ್ತು.

ಕೋಪದಲ್ಲಿ ಎದ್ದು ಹೊರಟಿದ್ದೆ. ತಾಯಿ ಅಡುಗೆಮನೆಯಿಂದ ಓಡಿ ಬಂದರು. ವಾದ ಮಾಡಲಿಲ್ಲ, ನೆಪ ಹೇಳಲಿಲ್ಲ. ತಮ್ಮನ ಎದುರು ನಿಂತು, "ನಮಗೆ ಗೊತ್ತಿರಲಿಲ್ಲ ಅಣ್ಣಾ, ಗೊತ್ತಿರಬೇಕಿತ್ತು" ಎಂದರು. ಒಂದು ವಾರ ಸಮಯ ಕೇಳಿದರು. ನಾನು ಈ ತಂಡವನ್ನು ಉಳಿಸಿಕೊಂಡದ್ದು ಆ ಎರಡು ಮಾತುಗಳಿಗಾಗಿ.

ವಾರದ ನಂತರ ಅವರು ಮಾಡಿ ತೋರಿಸಿದ ಪಾನೀಯ ಹೀಗಿತ್ತು. ಬೀಜವಿರುವ ಕಪ್ಪು ಬೆಂಗಳೂರು ದ್ರಾಕ್ಷಿಯನ್ನು ತೊಳೆದು, ಹಿಸುಕಿ, ಕುದಿ ಬರದಂತೆ ಸಣ್ಣ ಉರಿಯಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿಯಿರುವಾಗಲೇ ಮುಚ್ಚಿ, ತಣಿದ ಮೇಲೆ ಮಂಜುಗಡ್ಡೆಯಲ್ಲಿ ಇಡುವುದು. ಕಾಯಿಸಿದಾಗ ಹಣ್ಣಿನ ಸಿಪ್ಪೆಯ ಮೇಲಿರುವ ಈಸ್ಟ್ ಸಾಯುತ್ತದೆ, ಹುದುಗಲು ಅವಕಾಶವಿರುವುದಿಲ್ಲ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ದೇವಾಲಯದಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಪಾತ್ರೆಗೆಂದೇ ದ್ರಾಕ್ಷಿ ರಸವನ್ನು ಕೆಡದಂತೆ ಇಟ್ಟದ್ದು ಇದೇ ಉಪಾಯದಿಂದ. ಈ ತಾಯಿ ಅದಕ್ಕೆ ಚಕ್ಕೆ, ನಾಲ್ಕು ಲವಂಗ, ಜಜ್ಜಿದ ಶುಂಠಿ ಸೇರಿಸಿದ್ದರು. ಗಂಟಲಲ್ಲಿ ಸ್ವಲ್ಪ ಖಾರವಾಗಿ ಇಳಿಯುತ್ತದೆ. ಬರಿಯ ಜ್ಯೂಸ್ ಕುಡಿದ ಹಾಗಾಗುವುದಿಲ್ಲ. ಬೀಗರ ಚಿಕ್ಕಪ್ಪ ಧರ್ಮಗುರುಗಳು, ಅವರಿಗೂ ಒಂದು ಬಾಟಲಿ ಕಳುಹಿಸಿದೆವು. ಬಲಿಪೂಜೆಯ ದ್ರಾಕ್ಷಾರಸ ಹುದುಗಿದ್ದೇ ಆಗಬೇಕೆಂಬುದು ಅವರ ಧರ್ಮಸಭೆಯ ಕಟ್ಟುನಿಟ್ಟು. ಆದರೂ ಮದ್ಯದಿಂದ ತೊಂದರೆಗೊಳಗಾದ ಗುರುಗಳಿಗೆ, ಹುದುಗಲು ಆರಂಭವಾಗುತ್ತಿದ್ದಂತೆಯೇ ತಡೆದ ರಸವನ್ನು ಬಳಸಲು ಬಿಷಪರು ಅನುಮತಿ ಕೊಡುವುದುಂಟು ಎಂದು ಅವರೇ ತಿಳಿಸಿದರು. "ಪೂಜೆಯ ಪೀಠದ ಮೇಲೆ ಆ ಕನಿಕರ ಇರುವಾಗ ಊಟದ ಮೇಜಿನ ಮೇಲೆ ಏಕೆ ಬೇಡ?" ಎಂದು ಅವರು ಬೀಗರಿಗೆ ಫೋನಿನಲ್ಲಿ ಹೇಳಿದರಂತೆ. ಅಲ್ಲಿಂದ ಮುಂದೆ ಬೀಗರು ಆ ವಿಷಯ ಎತ್ತಲಿಲ್ಲ.

ತಾಯಿಯ ಎಚ್ಚರ ಅಲ್ಲಿಗೇ ನಿಲ್ಲಲಿಲ್ಲ. ಮದುವೆಯ ಕೇಕಿನ ಹಣ್ಣುಗಳನ್ನು ರಮ್ಮಿನಲ್ಲಿ ನೆನೆಸುವುದು ವಾಡಿಕೆ. ನಾನು ಅದನ್ನು ಮರೆತೇ ಬಿಟ್ಟಿದ್ದೆ. ಅವರೇ ನೆನಪಿಸಿ, ಕಿತ್ತಳೆ ರಸದಲ್ಲಿ ನೆನೆಸಿದರು. ಸನ್ನಕ್ಕೆ ಹಿಂದಿನಿಂದಲೂ ಕಳ್ಳು ಹಾಕಿ ಹುಳಿ ಬರಿಸುತ್ತಾರೆ. ಹಬೆಯಲ್ಲಿ ಬೆಂದ ಸನ್ನದಿಂದ ಯಾರಿಗೂ ಅಮಲೇರದು, ನನಗೆ ಅದರಲ್ಲಿ ಆಕ್ಷೇಪವಿರಲಿಲ್ಲ. ಆದರೂ ಅವರು ತಮ್ಮನನ್ನೇ ಕೇಳಿದರು. ಅವನು, "ವಾಸನೆ ಬೇಡ ಅಕ್ಕಾ" ಎಂದ. ಈಸ್ಟ್ ಹಾಕಿ ಮಾಡಿದರು. ಕಳ್ಳಿನ ಸನ್ನದ ಮೆದು ಅದಕ್ಕೆ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಉಳಿದ ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಫಾತ್ ಉತ್ತಮ, ಕೊಬ್ಬು ಮತ್ತು ಮಾಂಸ ಹದವಾಗಿ ಬೆಂದಿತ್ತು. ಕೋರಿ ರೊಟ್ಟಿಯ ಸಾರು ಸ್ವಲ್ಪ ತೆಳು. ಸಸ್ಯಾಹಾರಿಗಳ ಸಾಲಿನಲ್ಲಿ ಗುಳ್ಳ ಬದನೆಯ ಹುಳಿ ಎಲ್ಲರ ಮೆಚ್ಚುಗೆ ಪಡೆಯಿತು. ಕೊನೆಯ ಪಂಕ್ತಿಗೆ ಸನ್ನ ತಣ್ಣಗಾಗಿತ್ತು. ಬಾಗಿಲಲ್ಲಿ ಕೊಟ್ಟ ಪುನರ್ಪುಳಿ ಶರಬತ್ತಿಗೆ ಸಕ್ಕರೆ ಮಿತವಾಗಿತ್ತು, ಮಕ್ಕಳು ಎರಡೆರಡು ಬಾರಿ ಬಂದರು.

ಎರಡನೆಯ ತಪ್ಪು ನಡೆದದ್ದು ಆ ಸಂಜೆಯೇ. ವಾಹನ ನಿಲ್ಲಿಸುವ ಜಾಗದಲ್ಲಿ ಕೆಲವು ಅತಿಥಿಗಳು ಕಾರಿನ ಹಿಂದೆ ಬಾಟಲಿ ತೆರೆದರು. ಅತಿಥಿಗಳ ಮೇಲೆ ನನಗೆ ಅಧಿಕಾರವಿಲ್ಲ. ಆದರೆ ಬಡಿಸುವ ಹುಡುಗನೊಬ್ಬ ಒಳಗಿನಿಂದ ಸೋಡಾ, ಲೋಟ, ಒಂದು ತಟ್ಟೆ ಹುರಿದ ಮೀನು ಹೊತ್ತು ಅವರಿಗೆ ಒಯ್ಯುತ್ತಿದ್ದ. ನೂರೋ ಇನ್ನೂರೋ ರೂಪಾಯಿ ಕೈಗೆ ಸಿಕ್ಕಿರಬೇಕು. ನಾನು ತಾಯಿಗೆ ಹೇಳಿದೆ. ಅವರು ಹುಡುಗನನ್ನು ಬಡಿಸುವ ಸಾಲಿನಿಂದ ತೆಗೆದು ಪಾತ್ರೆ ತೊಳೆಯುವಲ್ಲಿಗೆ ಕಳುಹಿಸಿದರು. ಇದನ್ನು ಮೊದಲೇ ಹುಡುಗರಿಗೆಲ್ಲ ತಿಳಿಸಿ ಹೇಳಬೇಕಿತ್ತು. ಮದ್ಯವಿಲ್ಲದ ಊಟ ಒಪ್ಪಿಕೊಂಡ ಮೇಲೆ ಅದು ಗೋಡೆಯ ಒಳಗೆ ಮಾತ್ರ ಎಂದಾಗಬಾರದು.

ಟೋಸ್ಟ್ ಏಳೂವರೆಗೆ. ಬೀಗರೇ ನಿಂತು ಹೇಳಿದರು, ಅರ್ಧ ಕೊಂಕಣಿ, ಅರ್ಧ ಕನ್ನಡ. ಎಲ್ಲ ಮೇಜುಗಳಲ್ಲೂ ಒಂದೇ ಬಗೆಯ ಲೋಟ, ಒಂದೇ ಬಣ್ಣದ ಪಾನೀಯ. ಕುಡಿಯದವರಿಗೆಂದು ಬೇರೆ ಮೂಲೆ, ಬೇರೆ ಬಾಟಲಿ ಇರಲಿಲ್ಲ. ನಾನು ವೇದಿಕೆಯ ಮೇಲಿನಿಂದ ಮೂರನೆಯ ಸಾಲನ್ನೇ ನೋಡುತ್ತಿದ್ದೆ. ತಮ್ಮ ಪಕ್ಕದವರೊಂದಿಗೆ ಮಾತನಾಡುತ್ತಲೇ ಎದ್ದ, ಲೋಟ ಎತ್ತಿದ, ಕುಡಿದ, ಮತ್ತೆ ಕುಳಿತು ಮಾತು ಮುಂದುವರಿಸಿದ. ಲೋಟದ ಕಡೆ ಅವನು ನೋಡಲೂ ಇಲ್ಲ.

ಖರ್ಚು ಕೇಳುವವರಿಗೆ: ತಟ್ಟೆಗೆ 640 ರೂಪಾಯಿ, ದ್ರಾಕ್ಷಿ ರಸಕ್ಕೆ ತಲೆಗೆ 35, ಒಟ್ಟು 2,90,250. ರಸವನ್ನು ಹಿಂದಿನ ರಾತ್ರಿಯೇ ಮಾಡಿಸಿ, ಮಂಜುಗಡ್ಡೆ ಎಷ್ಟು ಬರುತ್ತದೆಂದು ಕೇಳಿಕೊಳ್ಳಿ. ನಮ್ಮಲ್ಲಿ ಕೊನೆಗೆ ಸಾಲದೆ ಹೋಯಿತು. ಯಾವ ತಂಡವಾದರೂ ಸರಿ, 'ಆಲ್ಕೋಹಾಲ್ ಇಲ್ಲ' ಎಂಬ ಮಾತಿಗೆ ಒಪ್ಪಬೇಡಿ. ಎಷ್ಟು ದಿನ ಭರಣಿಯಲ್ಲಿತ್ತು, ಈಸ್ಟ್ ಹಾಕಿದ್ದೀರಾ ಎಂದು ಕೇಳಿ.

ಕಳೆದ ವಾರ ಈ ತಾಯಿ-ಮಗನ ಹೊಸ ದರಪಟ್ಟಿ ನನ್ನ ಮೊಬೈಲಿಗೆ ಬಂತು. 'ಹೋಮ್ ವೈನ್' ಎಂಬ ಸಾಲು ಅದರಲ್ಲಿಲ್ಲ. ಆ ಜಾಗದಲ್ಲಿ 'ಕಾಯಿಸಿದ ದ್ರಾಕ್ಷಿ ರಸ, ಈಸ್ಟ್ ಹಾಕಿಲ್ಲ' ಎಂದು ಬರೆದಿದ್ದಾರೆ.